ಮಲಗಿದರೂ ಇಳಿಯದ ಬೆನ್ನುನೋವು: ಬೆನ್ನೆಲುಬಿನ ಸೋಂಕನ್ನು ಗುರುತಿಸುವುದು ಹೇಗೆ?

ಭತ್ತದ ನಾಟಿ, ಹತ್ತಿ ಬಿಡಿಸುವುದು, ಮೆಣಸಿನಕಾಯಿ ಚೀಲ ಹೊರುವುದು ಎಂದು ದುಡಿಯುವ ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆ ಬೆನ್ನು ನೋಯದವರು ಅಪರೂಪ. ಹಾಗಾಗಿಯೇ ಬೆನ್ನೆಲುಬಿನೊಳಗೆ ಕೀವು ಕಟ್ಟಿದರೂ ಅದು ವಾರಗಟ್ಟಲೆ ‘ಕೆಲಸದ ನೋವು’ ಎಂದೇ ಕಳೆದುಹೋಗುತ್ತದೆ.

ಮೊದಲು ರಾತ್ರಿಯ ನೋವನ್ನು ಗಮನಿಸಿ. ಸ್ನಾಯು ಹಿಡಿದ ನೋವು ಮಲಗಿದರೆ ತಗ್ಗುತ್ತದೆ. ಸೋಂಕಿನ ನೋವು ಮಲಗಿದರೂ ಬಿಡದು, ನಿದ್ದೆಯಿಂದ ಎಬ್ಬಿಸುತ್ತದೆ, ದಿನೇ ದಿನೇ ಏರುತ್ತದೆ. ನಡುಬೆನ್ನಿನ ಎಲುಬುಗಳನ್ನು ಮೇಲಿನಿಂದ ಒಂದೊಂದಾಗಿ ಬೆರಳಿನಿಂದ ಮೆಲ್ಲಗೆ ತಟ್ಟಿ ನೋಡಿ. ಒಂದೇ ಜಾಗದಲ್ಲಿ ಜೀವ ಹೋದಂತಾದರೆ ಅದನ್ನು ವೈದ್ಯರಿಗೆ ತೋರಿಸಿ. ಮಗುವಾದರೆ ನೆಲದ ಮೇಲೆ ನಾಣ್ಯ ಇಟ್ಟು ಎತ್ತಿಕೊಳ್ಳಲು ಹೇಳಿ. ಬೆನ್ನು ಬಗ್ಗಿಸದೆ, ಮಂಡಿ ಮಡಚಿ ಕುಕ್ಕರಗಾಲಲ್ಲಿ ಕೂತು ಎತ್ತಿದರೆ ಬೆನ್ನೆಲುಬಿನ ಟಿಬಿಯ ಶಂಕೆ ಬರಬೇಕು.

ಜ್ವರವನ್ನು ಬೆಳಿಗ್ಗೆ, ಸಂಜೆ ನೋವಿನ ಮಾತ್ರೆ ನುಂಗುವ ಮುಂಚೆ ನೋಡಿ ಬರೆದಿಡಿ. ಮಾತ್ರೆ ಜ್ವರವನ್ನೂ ಇಳಿಸಿ ರೋಗವನ್ನು ಮರೆಮಾಡುತ್ತದೆ. 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಜ್ವರವೆಂದೇ ಲೆಕ್ಕ. ಆದರೆ ಜ್ವರ ಇಲ್ಲವೆಂದು ಸುಮ್ಮನಾಗಬೇಡಿ. ಸೋಂಕಿದ್ದೂ ಜ್ವರ ಬಾರದವರು ಬಹಳ ಮಂದಿ. ಟಿಬಿಯಲ್ಲಂತೂ ಹಸಿವು, ತೂಕ ಕಡಿಮೆಯಾಗುವುದೇ ಮೊದಲ ಸುಳಿವಾಗಿರಬಹುದು.

ಸಕ್ಕರೆ ಕಾಯಿಲೆ, ಡಯಾಲಿಸಿಸ್, ದೀರ್ಘಕಾಲ ಸ್ಟೀರಾಯ್ಡ್ ಸೇವನೆ, ಇತ್ತೀಚೆಗೆ ಎದ್ದ ಕುರು, ಬೆನ್ನಿಗೆ ಚುಚ್ಚಿಸಿಕೊಂಡ ಇಂಜೆಕ್ಷನ್ ಇವುಗಳಲ್ಲಿ ಯಾವುದಿದ್ದರೂ ವೈದ್ಯರು ಕೇಳುವ ಮುಂಚೆಯೇ ಹೇಳಿ. ಕುರಿ-ಮೇಕೆ ಸಾಕುವವರು ಮರಿ ಹಾಕಿಸಿದ್ದನ್ನು, ಹಸಿ ಹಾಲು ಕುಡಿದದ್ದನ್ನು ಮರೆಯದೆ ಹೇಳಬೇಕು. ಬ್ರುಸೆಲ್ಲಾ ರೋಗಾಣು ಸೊಂಟದ ಎಲುಬಿಗೆ ಇಳಿಯುವುದು ಆ ದಾರಿಯಲ್ಲೇ.

ಕಾಲು ಸೋತರೆ ಕಾಯಬೇಡಿ

ಹಿಮ್ಮಡಿಯ ಮೇಲೆ, ಆಮೇಲೆ ತುದಿಗಾಲಲ್ಲಿ ನಾಲ್ಕು ಹೆಜ್ಜೆ ನಡೆಸಿ ನೋಡಿ. ಕಾಲು ಎಳೆಯುವುದು, ಮೂತ್ರ ಕಟ್ಟುವುದು ಅಥವಾ ಅರಿವಿಲ್ಲದೆ ಹೋಗುವುದು, ಗುದದ ಸುತ್ತ ಜೋಮು ಇವು ಕೀವು ನರಹುರಿಯನ್ನು ಒತ್ತುತ್ತಿರುವ ಲಕ್ಷಣ. ಪೂರ್ತಿ ಸ್ವಾಧೀನ ತಪ್ಪಿ ಒಂದೂವರೆ ದಿನ ಕಳೆದರೆ ಕಾಲಿನ ಶಕ್ತಿ ಮರಳುವುದು ಬಲು ಕಷ್ಟ. ಬೆಳಗಾಗಲಿ ಎನ್ನದೆ 108ಕ್ಕೆ ಕರೆ ಮಾಡಿ. ಮೂರೂ ಜಿಲ್ಲಾ ಕೇಂದ್ರಗಳಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗಳಿವೆ. ಇಂಥ ಬೆನ್ನಿಗೆ ಎಣ್ಣೆ ತಿಕ್ಕಿಸುವುದು, ನೆಟಿಗೆ ತೆಗೆಸುವುದು ಖಂಡಿತ ಬೇಡ.

ಎಕ್ಸ್‌ರೇ ಸರಿಯಿದೆ ಎಂದು ವಾಪಸ್ ಬರಬೇಡಿ, ಮೊದಲ ವಾರಗಳಲ್ಲಿ ಅದರಲ್ಲಿ ಏನೂ ಕಾಣದಿರಬಹುದು. ಮೈಯಲ್ಲಿ ಉರಿಯೂತ ಇದೆಯೇ ಎಂದು ತೋರಿಸುವ ಇಎಸ್‌ಆರ್, ಸಿಆರ್‌ಪಿ ರಕ್ತಪರೀಕ್ಷೆಗಳ ಅಂಕಿ ಏರಿದ್ದರೆ ಎಂಆರ್‌ಐ ಬೇಕು. ಸ್ಥಿತಿ ಗಂಭೀರವಲ್ಲದಿದ್ದರೆ ಆ್ಯಂಟಿಬಯಾಟಿಕ್ ಶುರುವಾಗುವ ಮುಂಚೆಯೇ ರಕ್ತವನ್ನು ಕಲ್ಚರ್‌ಗೆ (ರೋಗಾಣುವನ್ನು ಬೆಳೆಸಿ ಗುರುತಿಸುವ ಪರೀಕ್ಷೆಗೆ) ಕಳಿಸಬೇಕು. ಮೊದಲೇ ಔಷಧ ಬಿದ್ದರೆ ರೋಗಾಣು ಪತ್ತೆಯಾಗದೆ ಹೋಗಬಹುದು. ಕೀವಿನ ಸೋಂಕಿಗೆ ಸಾಮಾನ್ಯವಾಗಿ ಕನಿಷ್ಠ 6 ವಾರ, ಟಿಬಿಗೆ ಕನಿಷ್ಠ 12 ತಿಂಗಳು ಔಷಧ. ಟಿಬಿ ಮಾತ್ರೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಎರಡು-ಮೂರು ತಿಂಗಳಿಗೆ ನೋವು ಇಳಿದೀತು, ಎಲುಬಿನೊಳಗಿನ ರೋಗಾಣು ಅಷ್ಟರಲ್ಲಿ ಸತ್ತಿರುವುದಿಲ್ಲ. ನಡುವೆ ಬಿಟ್ಟವರಲ್ಲಿ ರೋಗ ಔಷಧಕ್ಕೆ ಬಗ್ಗದ ಟಿಬಿಯಾಗಿ ಮರುಕಳಿಸಬಹುದು.