ರೊಟ್ಟಿ ಬಡಿಯುವ ಭುಜಕ್ಕಾಗಿ ನಾನು ಮತ್ತೆ ಕಲಿತದ್ದು

ಕಲಬುರಗಿಯ ಸೇಡಂ ರಸ್ತೆ ಕಡೆ ನನ್ನದೊಂದು ಚಿಕ್ಕ ಕೋಣೆ ಇದೆ. ಒಂದು ಟೇಬಲ್, ಒಂದು ಫ್ಯಾನ್, ಒಂದು ಪರದೆ. ಹನ್ನೊಂದು ವರ್ಷದಿಂದ ಅಲ್ಲಿ ಹೆಂಗಸರಿಗೆ ಮಸಾಜ್ ಮಾಡುತ್ತಿದ್ದೇನೆ. ಮೊದಲ ಏಳು ವರ್ಷ ನನಗೆ ಗೊತ್ತಿದ್ದದ್ದು ಎರಡೇ ಕೆಲಸ. ಎಣ್ಣೆ ಹಚ್ಚಿ ತಿಕ್ಕುವುದು, ಗಂಟು ಸಿಕ್ಕಲ್ಲಿ ಹೆಬ್ಬೆರಳಿನಿಂದ ಒತ್ತುವುದು. ಬಂದವರು ಖುಷಿಯಿಂದಲೇ ಹೋಗುತ್ತಿದ್ದರು. ಎಂಟು ದಿನ ಕಳೆದರೆ ಅದೇ ನೋವು ಹೊತ್ತು ಮತ್ತೆ ಬರುತ್ತಿದ್ದರು.

ಅವರಲ್ಲಿ ಒಬ್ಬ ಅಕ್ಕ ಖಾನಾವಳಿಗೆ ಜೋಳದ ರೊಟ್ಟಿ ಬಡಿದು ಕೊಡುತ್ತಾರೆ. ದಿನಕ್ಕೆ ಇನ್ನೂರರ ಮೇಲೆ. ಎಳ್ಳಮಾವಾಸ್ಯೆ ಹತ್ತಿರ ಬಂತೆಂದರೆ ಸಜ್ಜೆ ರೊಟ್ಟಿಯ ಆರ್ಡರ್ ಬೇರೆ. ಬಲಗಡೆ ಕುತ್ತಿಗೆ ಬುಡದ ಮೇಲೆ ಕೈಯಿಟ್ಟು “ಇಲ್ಲೇ” ಅಂತ ತೋರಿಸುತ್ತಿದ್ದರು. ನಾನೂ ಅಲ್ಲೇ ಒತ್ತುತ್ತಿದ್ದೆ. ಒಂದು ದಿನ ಟೇಬಲ್ ಮೇಲೆ ಎದ್ದು ಕೂತು, “ನಾಕ್ ದಿನ ಹಗುರ ಅನಸ್ತದ ತಂಗಿ, ಐದನೇ ದಿನಕ್ಕ ಮತ್ತ ಅದೇ ಬ್ಯಾನಿ” ಅಂದರು. ನನಗೆ ಉತ್ತರ ಹೊಳೆಯಲಿಲ್ಲ. ಅಷ್ಟೊತ್ತಿಗೆ ನನ್ನ ಹೆಬ್ಬೆರಳಿನ ಬುಡವೂ ರಾತ್ರಿ ಹೊತ್ತು ನೋಯಲು ಶುರುವಾಗಿತ್ತು. ಹೀಗೇ ಹೋದರೆ ಅವರ ನೋವೂ ಇಳಿಯುವುದಿಲ್ಲ, ನನ್ನ ಕೈಯೂ ಉಳಿಯುವುದಿಲ್ಲ ಅನ್ನಿಸಿತು. ಮತ್ತೆ ಕಲಿಯಬೇಕು ಅಂತ ಗಟ್ಟಿ ಮಾಡಿಕೊಂಡದ್ದು ಆವತ್ತೇ.

ಮೊದಲು ಹೈದರಾಬಾದಿಗೆ ಹೋಗಿ ಎರಡು ದಿನದ ಸ್ಟ್ರೆಚಿಂಗ್ ಕೋರ್ಸ್ ಮಾಡಿದೆ. ಫೀಸು, ರೈಲು, ಊಟ, ವಸತಿ ಎಲ್ಲ ಸೇರಿ ಒಂದು ತಿಂಗಳ ದುಡಿಮೆ ಹೋಯಿತು. ನಲವತ್ತು ಜನ ಇದ್ದೆವು, ಟೇಬಲ್ ಇದ್ದದ್ದು ಒಂದೇ. ಹೇಳಿಕೊಡುವವರು ಮಾಡಿ ತೋರಿಸಿದರು, ನಾವು ಮೊಬೈಲಲ್ಲಿ ವಿಡಿಯೊ ತೆಗೆದೆವು. ಎರಡು ದಿನದಲ್ಲಿ ನನ್ನ ಕೈ ಇನ್ನೊಬ್ಬರ ಮೈಗೆ ತಾಗಿದ್ದು ಅರ್ಧ ಗಂಟೆ ಇರಬಹುದು. ಸರ್ಟಿಫಿಕೇಟ್ ಮಾತ್ರ ದಪ್ಪ ಕಾಗದದ್ದು ಸಿಕ್ಕಿತು. ಅದನ್ನು ಗೋಡೆಗೆ ಹಾಕಲು ಮನಸ್ಸಾಗಲಿಲ್ಲ. ಈಗ ಯಾರಾದರೂ ಕೋರ್ಸ್ ಬಗ್ಗೆ ಕೇಳಿದರೆ ಒಂದೇ ಮಾತು ಹೇಳುತ್ತೇನೆ. ದುಡ್ಡು ಕಟ್ಟುವ ಮೊದಲು ಒಂದು ಟೇಬಲಿಗೆ ಎಷ್ಟು ಜನ, ನಮ್ಮ ಕೈಯಿಂದ ಮಾಡಿಸುವುದು ಎಷ್ಟು ಗಂಟೆ ಅಂತ ಕೇಳಿ. ಸರಿಯಾಗಿ ಹೇಳದಿದ್ದರೆ ಬಿಟ್ಟುಬಿಡಿ.

ನಿಜವಾಗಿ ಕಲಿತದ್ದು ನಮ್ಮೂರಲ್ಲೇ. ಪರಿಚಯದ ಫಿಸಿಯೊಥೆರಪಿಸ್ಟ್ ಒಬ್ಬರನ್ನು ಕೇಳಿಕೊಂಡೆವು. ನಾವು ನಾಲ್ಕು ಜನ, ಹತ್ತು ಭಾನುವಾರ, ಬೆಳಿಗ್ಗೆ ಮೂರು ತಾಸು. ಮೇಡಮ್ ಮೊದಲ ಎರಡು ಭಾನುವಾರ ಒಂದು ಸ್ಟ್ರೆಚ್ ಕೂಡ ಹೇಳಿಕೊಡಲಿಲ್ಲ. ಕೈಗೆ ಸ್ಕೆಚ್ ಪೆನ್ ಕೊಟ್ಟು, ಒಬ್ಬರ ಬೆನ್ನಿನ ಮೇಲೆ ಇನ್ನೊಬ್ಬರು ಎಲುಬು ಹುಡುಕಿ ಗೆರೆ ಎಳೆಯಿರಿ ಅಂದರು. ಲೆವೇಟರ್ ಸ್ಕ್ಯಾಪುಲೆ ಅನ್ನೋ ಸ್ನಾಯು ಕುತ್ತಿಗೆಯ ಮೇಲಿನ ನಾಲ್ಕು ಮಣಿಗಳಿಂದ ಇಳಿದು ಹೆಗಲ ಹಿಂದಿನ ಅಗಲ ಎಲುಬಿನ ಮೇಲ್ಮೂಲೆಗೆ ಅಂಟಿರುತ್ತದೆ. ಏಳು ವರ್ಷ ಒತ್ತಿದ್ದೆ, ಆ ಮೂಲೆಯನ್ನು ಬೆರಳಿಟ್ಟು ಹುಡುಕಿದ್ದು ಅದೇ ಮೊದಲು. ರೊಟ್ಟಿ ಅಕ್ಕ ತೋರಿಸುತ್ತಿದ್ದ ಜಾಗ ಸರಿಯಾಗಿ ಅದೇ.

ಮೂರನೇ ಭಾನುವಾರ ಮೇಡಮ್ ರೊಟ್ಟಿ ಅಕ್ಕನನ್ನೇ ಕರೆಸಿದರು. ನೆಲದ ಮೇಲೆ ಕೂತು, ಹಿಟ್ಟಿಲ್ಲದೆ, ರೊಟ್ಟಿ ಬಡಿದು ತೋರಿಸಿ ಅಂದರು. ನಾವು ನಾಲ್ಕೂ ಜನ ಸುತ್ತ ನಿಂತು ನೋಡಿದೆವು. ಅಕ್ಕ ಮುಂದಕ್ಕೆ ಬಾಗುತ್ತಾರೆ, ಎರಡೂ ಹೆಗಲು ಮುಂದೆ ಸುತ್ತಿಕೊಳ್ಳುತ್ತವೆ, ಬಲ ಹೆಗಲು ಕಿವಿ ಕಡೆ ಏರುತ್ತದೆ. ಇದು ದಿನಕ್ಕೆ ನಾಲ್ಕೈದು ತಾಸು. ಆಮೇಲೆ ಅಂಗಾತ ಮಲಗಿಸಿದರೆ ಎದೆಯ ಮುಂಭಾಗ ಎಷ್ಟು ಬಿಗಿದಿತ್ತು ಅಂದರೆ ಬಲ ಹೆಗಲು ಟೇಬಲಿಗೆ ತಾಗಲೇ ಇಲ್ಲ. ಹಿಂದೆ ನೋಯುತ್ತಿದ್ದ ಸ್ನಾಯು ದಿನವಿಡೀ ಎಳೆಸಿಕೊಂಡು ದಣಿದಿತ್ತು. ನಾನು ಅದನ್ನೇ ಮತ್ತೆ ಮತ್ತೆ ಅರೆಯುತ್ತಿದ್ದೆ. ಎದೆ ಕಡೆ ಒಂದು ದಿನವೂ ಕೈ ಹಾಕಿರಲಿಲ್ಲ. ಅದನ್ನು ನೆನೆದರೆ ಈಗಲೂ ಸಂಕಟ ಆಗುತ್ತದೆ.

ಅವರಿಗೆ ಮಾಡಿದ್ದು ಬಿಗಿಮಾಡಿ-ಸಡಿಲಿಸುವ ಸ್ಟ್ರೆಚ್. ಪಿಎನ್‌ಎಫ್ ಅನ್ನುತ್ತಾರೆ. 1940ರ ದಶಕದಲ್ಲಿ ಅಮೆರಿಕದಲ್ಲಿ ಹರ್ಮನ್ ಕಬಟ್ ಎಂಬ ವೈದ್ಯರು, ಮಾರ್ಗರೆಟ್ ನಾಟ್ ಎಂಬ ಥೆರಪಿಸ್ಟ್ ಸೇರಿ ಪೋಲಿಯೊದಂಥ ಕಾಯಿಲೆಯಿಂದ ಕೈಕಾಲು ಬಲ ಕಳೆದುಕೊಂಡವರಿಗಾಗಿ ಬೆಳೆಸಿದ ಪದ್ಧತಿ ಇದು. ನಾನು ಮಾಡುವುದು ಹೀಗೆ. ಅಕ್ಕನನ್ನು ಟೇಬಲಿನ ಅಂಚಿಗೆ ಅಂಗಾತ ಮಲಗಿಸುತ್ತೇನೆ. ತೋಳು ಪಕ್ಕಕ್ಕೆ, ಮೊಳಕೈ ಮಡಚಿ, ಅಂಚಿನಿಂದ ಆಚೆ. ಅವರ ಮೊಳಕೈ ನನ್ನ ಅಂಗೈಯಲ್ಲಿ. ನಿಧಾನ ಕೆಳಗಿಳಿಸುತ್ತೇನೆ. ಮೊದಲ ತಡೆ ಸಿಕ್ಕಿದಲ್ಲಿ ನಿಲ್ಲುತ್ತೇನೆ, ಅದನ್ನು ದಾಟುವುದಿಲ್ಲ. ಈಗ ಅವರು ತೋಳನ್ನು ಮೇಲಕ್ಕೆ ಒತ್ತಬೇಕು, ನನ್ನ ಕೈ ತಡೆಯುತ್ತದೆ, ಏನೂ ಅಲುಗಾಡಬಾರದು. ಆರು ಸೆಕೆಂಡ್. ಉಸಿರು ಬಿಟ್ಟು ಸಡಿಲ. ತೋಳು ತಾನಾಗಿ ಒಂದೆರಡು ಬೆರಳಗಲ ಇಳಿಯುತ್ತದೆ. ಅಲ್ಲಿ ಹದಿನೈದು ಇಪ್ಪತ್ತು ಸೆಕೆಂಡ್ ಹಿಡಿಯುತ್ತೇನೆ. ಹೀಗೆ ಮೂರು ಸಲ.

ಸ್ನಾಯು ಐದು ನಿಮಿಷದಲ್ಲಿ ಉದ್ದ ಬೆಳೆಯುವುದಿಲ್ಲ. ಆ ಎಳೆತವನ್ನು ತಾಳಿಕೊಳ್ಳಲು ನರಗಳು ಒಪ್ಪುತ್ತವೆ, ಜಾಸ್ತಿ ಬದಲಾಗುವುದು ಅದು ಅಂತ ಮೇಡಮ್ ವಿವರಿಸಿದರು. ಅದಕ್ಕೇ ಮನೆಯಲ್ಲೂ ದಿನಾ ಮಾಡಬೇಕು.

ನಾನು ಮಾಡಿದ ಒಂದು ತಪ್ಪು ಇಲ್ಲಿ ಹೇಳಲೇಬೇಕು. ಶುರುವಿನಲ್ಲಿ ಒಬ್ಬರಿಗೆ ತೊಡೆಯ ಹಿಂಭಾಗದ ಸ್ಟ್ರೆಚ್ ಮಾಡುವಾಗ “ಜೋರಾಗಿ ಒತ್ತಿ” ಅಂದುಬಿಟ್ಟೆ. ಅವರು ಇದ್ದಬದ್ದ ಶಕ್ತಿ ಹಾಕಿದರು. ತೊಡೆ ಸೆಟೆದು ಹಿಡಿದುಕೊಂಡಿತು, ಪಾಪ, ಕಣ್ಣಲ್ಲಿ ನೀರು ಬಂತು. ಬೇಕಾದದ್ದು ಶೇಕಡಾ 20ರಷ್ಟು ಬಲ ಅಷ್ಟೇ. ಆದರೆ ಟೇಬಲ್ ಮೇಲೆ ಮಲಗಿದವರಿಗೆ ಶೇಕಡಾ ಲೆಕ್ಕ ಹೇಳಿದರೆ ಏನು ತಿಳಿಯುತ್ತದೆ? ಬಹಳ ಯೋಚಿಸಿ ಒಂದು ಮಾತು ಕಂಡುಕೊಂಡೆ: “ನಿಮ್ ಹಂತೇಕ ಹತ್ತು ರೂಪಾಯಿ ಶಕ್ತಿ ಅದ ಅನ್ಕೊರಿ, ಎರಡೇ ರೂಪಾಯಿ ಖರ್ಚ್ ಮಾಡ್ರಿ.” ಆಮೇಲೆ ಯಾರೂ ಜಾಸ್ತಿ ಒತ್ತಿಲ್ಲ.

ಮುಂಗೈಗೆ ಬೇರೆ ವಿಧಾನ. ಮಣಿಕಟ್ಟು ಒಳಗೆ ಮಡಚಿಸಿ, ಮೊಳಕೈ ಒಳಬದಿಯ ಎಲುಬಿನ ಸ್ವಲ್ಪ ಕೆಳಗೆ ಸ್ನಾಯುವನ್ನು ಒತ್ತಿ ಹಿಡಿಯಬೇಕು. ಆಮೇಲೆ ಅವರೇ ನಿಧಾನ ಮಣಿಕಟ್ಟು ಹಿಂದಕ್ಕೆ ಬಾಗಿಸಬೇಕು. ನನ್ನ ಕೈ ಕೆಳಗೆ ಸ್ನಾಯು ಜಾರುವುದು ಗೊತ್ತಾಗುತ್ತದೆ. ಇದಕ್ಕೆ ಹೆಬ್ಬೆರಳು ಬಳಸುವುದು ಬಿಟ್ಟು ಮಡಚಿದ ಬೆರಳಿನ ಗೆಣ್ಣು ಬಳಸುತ್ತೇನೆ. ಎಣ್ಣೆ ಇದ್ದರೆ ಹಿಡಿತ ನಿಲ್ಲುವುದಿಲ್ಲ, ಒಣ ಕೈಯಲ್ಲೇ ಮಾಡಬೇಕು. ನಮ್ಮ ಜನ ಒಪ್ಪುತ್ತಾರಾ? “ಎಣ್ಣಿ ಹಚ್ಚಲಾರದ ಇದೆಂಥ ಮಾಲೀಸ್ ರೀ” ಅಂತಲೇ ಕೇಳುತ್ತಾರೆ. ಹಾಗಾಗಿ ಸ್ಟ್ರೆಚ್ ಎಲ್ಲ ಮುಗಿಸಿ ಕೊನೆಯ ಹತ್ತು ನಿಮಿಷ ಬೆಚ್ಚಗಿನ ಎಳ್ಳೆಣ್ಣೆ ಹಚ್ಚುತ್ತೇನೆ. ಅವರಿಗೂ ಸಮಾಧಾನ, ನನಗೂ ಇಷ್ಟ.

ಯಾವಾಗ ಮುಟ್ಟಬಾರದು ಅನ್ನುವುದಕ್ಕೇ ಒಂದು ಪೂರ್ತಿ ಭಾನುವಾರ ಹೋಯಿತು. ನನಗೆ ಆ ಪಾಠ ಎಲ್ಲಕ್ಕಿಂತ ದೊಡ್ಡದು. ಒಂದೇ ಕಾಲಿನ ಮೀನಖಂಡ ಊದಿ, ಬಿಸಿಯಾಗಿ, ಮುಟ್ಟಿದರೆ ನೋಯುತ್ತಿದ್ದರೆ ಒಳಗೆ ರಕ್ತ ಹೆಪ್ಪುಗಟ್ಟಿರಬಹುದು. ತಿಕ್ಕಿದರೆ ಅದು ಕಿತ್ತು ಶ್ವಾಸಕೋಶಕ್ಕೆ ಹೋಗಬಹುದು. ಬೆನ್ನುನೋವಿನ ಜೊತೆ ಮೂತ್ರದ ಹಿಡಿತ ತಪ್ಪಿದ್ದರೆ, ತೊಡೆ ಸಂದು ಜೋಮು ಹಿಡಿದಿದ್ದರೆ ಅದೇ ದಿನ ಆಸ್ಪತ್ರೆ. ಕೋರ್ಸ್ ಮುಗಿದ ಮೂರೇ ತಿಂಗಳಿಗೆ ಒಬ್ಬ ಅಜ್ಜಿಯನ್ನು ಮಗಳು ಕರೆತಂದರು. ಆಪರೇಷನ್ ಆಗಿ ತಿಂಗಳು ಮಲಗಿದ್ದರು, ಎಡ ಮೀನಖಂಡ ಊದಿತ್ತು. “ಸುಮ್ನೆ ಸ್ವಲ್ಪ ತಿಕ್ಕಿ ಕೊಡ್ರಿ” ಅಂದರು. ನಾನು ಕೈಯಿಡಲಿಲ್ಲ, ಆಟೊ ಕರೆಸಿ ದವಾಖಾನೆಗೆ ಕಳಿಸಿದೆ. ಸ್ಕ್ಯಾನಿನಲ್ಲಿ ಹೆಪ್ಪು ಕಂಡಿತು. ಮೊದಲಾಗಿದ್ದರೆ ಎಣ್ಣೆ ಬಟ್ಟಲು ತಂದು ಕೂತಿರುತ್ತಿದ್ದೆ.

ಅಮೆರಿಕದ ರಾಷ್ಟ್ರೀಯ ಮಂಡಳಿಯ ಪ್ರಮಾಣಪತ್ರ ಪಡೆದ ಮಸಾಜ್ ಥೆರಪಿಸ್ಟುಗಳು ಎರಡು ವರ್ಷಕ್ಕೊಮ್ಮೆ 24 ಗಂಟೆ ಹೊಸದಾಗಿ ಕಲಿತು ಅದನ್ನು ನವೀಕರಿಸಬೇಕು. ನಮ್ಮನ್ನು ಯಾರೂ ಕೇಳುವುದಿಲ್ಲ. ಆ 24 ಗಂಟೆಯನ್ನು ನಾವು ನಾಲ್ವರು ನಮಗೇ ಹಾಕಿಕೊಂಡಿದ್ದೇವೆ. ತಿಂಗಳಿಗೊಂದು ಭಾನುವಾರ ಸೇರುತ್ತೇವೆ. ಹೊಸ ಸ್ಟ್ರೆಚ್ ಯಾವುದೇ ಇರಲಿ, ಮೊದಲು ನಾವೇ ಟೇಬಲ್ ಮೇಲೆ ಮಲಗಿ ಮಾಡಿಸಿಕೊಳ್ಳುತ್ತೇವೆ. ಮಾರನೇ ದಿನ ಎಲ್ಲಿ ನೋವಾಯಿತು ಅಂತ ನೋಟ್‌ಬುಕ್ಕಿನಲ್ಲಿ ಬರೆಯುತ್ತೇವೆ.

ರೊಟ್ಟಿ ಅಕ್ಕ ಈಗ ಇಪ್ಪತ್ತು ದಿನಕ್ಕೊಮ್ಮೆ ಬರುತ್ತಾರೆ. ಐವತ್ತು ರೊಟ್ಟಿಗೊಮ್ಮೆ ಎದ್ದು, ಬಾಗಿಲ ಚೌಕಟ್ಟಿಗೆ ಎರಡೂ ಕೈ ಇಟ್ಟು ಎದೆ ಮುಂದೆ ಮಾಡಿ ನಿಲ್ಲುತ್ತಾರಂತೆ. ಭುಜ ಹಗುರಾಗಿದೆ. ಆದರೆ ಹೋದ ಸಲ ಬಂದಾಗ ಹೆಬ್ಬೆರಳನ್ನು ಮುಷ್ಟಿಯೊಳಗಿಟ್ಟು ಮಣಿಕಟ್ಟನ್ನು ಕಿರುಬೆರಳ ಕಡೆ ಬಾಗಿಸಿ ನೋಡಿದೆ. ಹೆಬ್ಬೆರಳ ಬದಿಯ ಮಣಿಕಟ್ಟಲ್ಲಿ ಚುಳ್ ಅಂದು ಕೈ ಎಳೆದುಕೊಂಡರು. ಇದು ಸ್ಟ್ರೆಚ್ ಮಾಡಿ ಕಳೆಯುವ ನೋವಲ್ಲ. ಮೇಡಮ್ ಹತ್ತಿರ ಕಳಿಸಿದೆ. ಪಟ್ಟಿ ಕಟ್ಟಿ, ಮೂರು ವಾರ ಆ ಕೈಗೆ ರೆಸ್ಟ್ ಕೊಡಿ ಅಂದಿದ್ದಾರೆ. “ಮೂರು ವಾರ ರೊಟ್ಟಿ ಬಡಿಯೋದು ಬಿಟ್ರ ಮನಿ ನಡಿಯೋದು ಹ್ಯಾಂಗ ತಂಗಿ?” ಅಂತ ಅಕ್ಕ ಕೇಳಿದರು. ಸದ್ಯಕ್ಕೆ ಅವರ ಸೊಸೆ ಬಡಿಯುತ್ತಿದ್ದಾಳೆ, ಅಕ್ಕ ಎಡಗೈಯಲ್ಲಿ ಬೇಯಿಸುತ್ತಿದ್ದಾರೆ. ಬರುವ ಭಾನುವಾರ ಸೊಸೆಯನ್ನೂ ಕರೆಸಿ, ಅವಳು ಹೇಗೆ ಕೂತು ಬಡಿಯುತ್ತಾಳೆ ಅಂತ ನೋಡಬೇಕು.