ಅಂಗಾಂಶದ ಮೇಲೆ ಧ್ರುವೀಕರಣ ಅಳೆಯುವ ಮೊದಲು ಗ್ಲೂಕೋಸ್ ಅಳೆಯಿರಿ

ಧ್ರುವೀಕರಣ, ಅಂದರೆ ಬೆಳಕಿನ ಅಲೆ ಯಾವ ದಿಕ್ಕಿಗೆ ಕಂಪಿಸುತ್ತದೆ ಎಂಬುದನ್ನು ಅಳೆಯಲು ಧಾರವಾಡದ ನಮ್ಮ ಲ್ಯಾಬಿನಲ್ಲಿ ಬಳಸುವ ಜೋಡಣೆ ಸರಳ: 633 ನ್ಯಾನೊಮೀಟರಿನ ಹೀಲಿಯಂ-ನಿಯಾನ್ ಲೇಸರ್, ಪೋಲರೈಸರ್ (ಒಂದೇ ದಿಕ್ಕಿನ ಕಂಪನವನ್ನು ಬಿಡುವ ಸೋಸಕ), ಸ್ಯಾಂಪಲ್, ತಿರುಗುವ ಕ್ವಾರ್ಟರ್ ವೇವ್ ಪ್ಲೇಟ್ (ಒಂದು ದಿಕ್ಕಿನ ಕಂಪನವನ್ನು ಕಾಲು ಅಲೆಯಷ್ಟು ತಡಮಾಡುವ ತಟ್ಟೆ), ಅಲುಗದ ಇನ್ನೊಂದು ಪೋಲರೈಸರ್, ಕೊನೆಗೆ ಫೋಟೊಡಯೋಡ್. ಪ್ಲೇಟನ್ನು 10 ಡಿಗ್ರಿಗೊಮ್ಮೆ ತಿರುಗಿಸಿ 36 ರೀಡಿಂಗ್ ತೆಗೆಯುತ್ತೇವೆ. ಅವುಗಳಿಂದ ಧ್ರುವೀಕರಣವನ್ನು ಹೇಳುವ ಸ್ಟೋಕ್ಸ್ ಸಂಖ್ಯೆಗಳು ಸಿಗುತ್ತವೆ: ಸುತ್ತಿಗೆ ನಾಲ್ಕು ಸಲ ಏರಿಳಿಯುವ ಭಾಗದಿಂದ ಎಸ್1, ಎಸ್2 (ನೇರ ಧ್ರುವೀಕರಣ). ಎರಡು ಸಲ ಏರಿಳಿಯುವ ಭಾಗದಿಂದ ಎಸ್3 (ವೃತ್ತೀಯ ಧ್ರುವೀಕರಣ).

ಬೆಳಕು ಪ್ಲೇಟಿನ ನಡುವೆಯೇ ಹಾಯಬೇಕು, ಹಾಗಾಗಿ ಮೋಟರನ್ನು ಪಕ್ಕಕ್ಕಿಟ್ಟು ಗೇರಿನಿಂದ ತಿರುಗಿಸಬೇಕು. ಅಗ್ಗದ 28ಬಿವೈಜೆ-48 ಸ್ಟೆಪ್ಪರ್ ಮೋಟರಿಗೆ (ಹೆಜ್ಜೆ ಹೆಜ್ಜೆಯಾಗಿ ತಿರುಗುವ ಮೋಟರ್) ಸುತ್ತಿಗೆ 2048 ಸ್ಟೆಪ್ ಎಂದು ಬರೆದಿರುತ್ತಾರೆ; ಒಳಗಿನ ಗೇರುಗಳ ಲೆಕ್ಕ ಹಾಕಿದರೆ ಸುಮಾರು 2038. 2048 ಹಾಕಿದರೆ ಪ್ರತಿ ಸುತ್ತಿಗೂ ಸುಮಾರು 1.8 ಡಿಗ್ರಿ ಹೆಚ್ಚು ತಿರುಗುತ್ತದೆ. ಪ್ಲೇಟಿನ ಸೊನ್ನೆ 1 ಡಿಗ್ರಿ ತಪ್ಪಿದರೆ ಧ್ರುವೀಕರಣದ ಕೋನ 2 ಡಿಗ್ರಿ ತಪ್ಪುತ್ತದೆ. ಗೇರಿನ ಸಡಿಲವೂ ಇದೆ; ಯಾವಾಗಲೂ ಒಂದೇ ದಿಕ್ಕಿಗೆ ತಿರುಗಿಸಿ.

ಟ್ಯೂಬ್‌ಲೈಟ್ ಆಫ್ ಮಾಡಿ, ಲೇಸರ್ ಮುಚ್ಚಿ ಕತ್ತಲೆಯ ರೀಡಿಂಗ್ ತೆಗೆದು ಕಳೆಯಿರಿ. ಹೊರಬೆಳಕು ಸೇರಿದರೆ ಎಸ್0, ಅಂದರೆ ಒಟ್ಟು ಬೆಳಕು, ಉಬ್ಬಿ, ಧ್ರುವೀಕರಣ ಸ್ಯಾಂಪಲಿನಲ್ಲೇ ಕಳೆದುಹೋದಂತೆ ಕಾಣುತ್ತದೆ. ಸ್ಯಾಂಪಲ್ ಇಲ್ಲದಾಗ ಧ್ರುವೀಕರಣದ ಪ್ರಮಾಣ (ಒಟ್ಟು ಬೆಳಕಿನಲ್ಲಿ ಧ್ರುವೀಕರಿಸಿದ ಪಾಲು) 1ರ ಹತ್ತಿರ ಬರದಿದ್ದರೆ ಮುಂದೆ ಹೋಗಬೇಡಿ. ಲೇಸರಿಗೆ ಅರ್ಧ ತಾಸು ಬಿಸಿಯಾಗಲು ಬಿಡಿ. ಧ್ರುವೀಕರಿಸದ ಲೇಸರ್ ಟ್ಯೂಬಾದರೆ ಅಲ್ಲಿಯವರೆಗೆ ಪೋಲರೈಸರಿನ ಆಚೆ ಬೆಳಕು ಏರಿಳಿಯುತ್ತಲೇ ಇರುತ್ತದೆ. ಮಳೆಗಾಲದಲ್ಲಿ ನಮ್ಮೂರಿನ ತೇವಕ್ಕೆ ಪ್ಲೇಟಿಗೆ ಬೂಸ್ಟು ಹಿಡಿಯುತ್ತದೆ, ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿಡಿ.

ಆಮೇಲೆ ಗ್ಲೂಕೋಸ್: ಅದು ಧ್ರುವೀಕರಣವನ್ನು ಎಷ್ಟು ತಿರುಗಿಸುತ್ತದೆ ಎಂಬುದು ಮೊದಲೇ ಗೊತ್ತಿರುವುದರಿಂದ ಜೋಡಣೆ ಸರಿಯಿದೆಯೇ ಎಂದು ತಿಳಿಯುತ್ತದೆ. 10 ಗ್ರಾಂ ನೀರಿಲ್ಲದ ಡಿ-ಗ್ಲೂಕೋಸನ್ನು ನೀರಿನಲ್ಲಿ ಕರಗಿಸಿ 100 ಮಿಲಿಗೆ ತನ್ನಿ; ಮೊನೊಹೈಡ್ರೇಟ್ ಆದರೆ 11 ಗ್ರಾಂ. ರಾತ್ರಿಯಿಡೀ ಬಿಡಲೇಬೇಕು. ಆಲ್ಫಾ ರೂಪದ ಹೊಸ ದ್ರಾವಣದ ವಿಶಿಷ್ಟ ಭ್ರಮಣ (1 ಮಿಲಿಗೆ 1 ಗ್ರಾಂ ಇದ್ದು 10 ಸೆಂಟಿಮೀಟರ್ ದಾರಿಯಾದರೆ ತಿರುಗುವ ಡಿಗ್ರಿ) 112ರಿಂದ ಮೆಲ್ಲಗೆ ಇಳಿದು 52.7ಕ್ಕೆ ನಿಲ್ಲುತ್ತದೆ. ಆ 52.7 ಸೋಡಿಯಂ ದೀಪದ 589 ನ್ಯಾನೊಮೀಟರಿನದು. ನಮ್ಮ ಕೆಂಪು ಬೆಳಕಿನಲ್ಲಿ 10 ಸೆಂಟಿಮೀಟರಿನ ಗಾಜಿನ ಕೊಳವೆಗೆ ಸುಮಾರು 4.5 ಡಿಗ್ರಿ ಬರಬೇಕು. ಪ್ಲಾಸ್ಟಿಕ್ ಕೊಳವೆ ಬೇಡ, ಅದರ ಒಳಬಿಗಿತವೇ ಧ್ರುವೀಕರಣ ಬದಲಿಸುತ್ತದೆ. ಇದರಿಂದ ರಕ್ತದ ಸಕ್ಕರೆ ಅಳೆಯಬಹುದೇ ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. ಡೆಸಿಲೀಟರಿಗೆ 100 ಮಿಗ್ರಾಂ ಇದ್ದರೆ 1 ಸೆಂಟಿಮೀಟರ್ ದಾರಿಯಲ್ಲಿ ತಿರುಗುವುದು 0.005 ಡಿಗ್ರಿಗಿಂತ ಕಡಿಮೆ; ಈ ಮೋಟರಿಗೆ ಅದು ನಿಲುಕದು. ಸಾಲದ್ದಕ್ಕೆ ರಕ್ತ, ಚರ್ಮ ಎರಡೂ ಬೆಳಕನ್ನು ಚೆದುರಿಸುತ್ತವೆ.

ಅಂಗಾಂಶಕ್ಕೆ ಕೋಳಿಯ ಎದೆಮಾಂಸ ಸಾಕು. ಫ್ರೀಜರಿನಲ್ಲಿ ಅರೆಗಟ್ಟಿಯಾದ ಮೇಲೆ ನಾರಿನ ಉದ್ದಕ್ಕೆ 1 ಮಿಮೀ ತೆಳುವಾಗಿ ಕೊಯ್ದು, ಎರಡು ಸ್ಲೈಡ್ ನಡುವೆ ಇಡಿ. ನಾರು ಒಳಬರುವ ಧ್ರುವೀಕರಣಕ್ಕೆ 45 ಡಿಗ್ರಿಯಲ್ಲಿರಲಿ. ಸಮಾಂತರವಾಗಿದ್ದರೆ ದ್ವಿವಕ್ರೀಭವನ (ಕಂಪನದ ದಿಕ್ಕಿಗೆ ತಕ್ಕಂತೆ ಬೆಳಕಿನ ವೇಗ ಬೇರೆಯಾಗುವುದು) ಕಾಣುವುದೇ ಇಲ್ಲ. 0.9 ಶೇಕಡಾ ಉಪ್ಪುನೀರಿನಿಂದ ಒದ್ದೆಯಾಗಿಡಿ, ಒಣಗಿದಷ್ಟೂ ಚೆದುರುವಿಕೆ ಬದಲಾಗುತ್ತದೆ. ಮುಗಿದ ಮೇಲೆ ಮಾಂಸ ತೆಗೆದು ಖಾಲಿ ರೀಡಿಂಗ್ ಇನ್ನೊಮ್ಮೆ ತೆಗೆಯಿರಿ. ಮೊದಲಿನದಕ್ಕೆ ಹೊಂದದಿದ್ದರೆ ಇಡೀ ಸರಣಿ ಬಿಟ್ಟುಬಿಡಿ.