ಕಾಂಗರೂ ಫಿಲೆ ರಬ್ಬರಿನಂತಾಗದೆ ಬೆಂದದ್ದು ಹೀಗೆ

ಆಸ್ಟ್ರೇಲಿಯಾದ ಸೂಪರ್‌ಮಾರ್ಕೆಟ್‌ಗಳಲ್ಲಿ ಸಿಗುವ ಕಾಂಗರೂ ಫಿಲೆ (ಮೂಳೆಯಿಲ್ಲದ ಮಾಂಸದ ತುಂಡು) ಬಾಣಲೆಗೆ ಬಿದ್ದೊಡನೆ ನೀರು ಬಿಟ್ಟು, ಒಳಗೆಲ್ಲ ಬೂದು ಬಣ್ಣಕ್ಕೆ ತಿರುಗಿ, ಅಗಿಯಲಾರದಷ್ಟು ಗಟ್ಟಿಯಾಗುತ್ತಿತ್ತು. ರುಚಿಯೂ ಲಿವರ್‌ನಂತೆ.

ಕುಕ್ಕರ್‌ನಲ್ಲಿ ಸೀಟಿ ಹೊಡೆಸಿದರೆ ಇನ್ನೂ ಒಣಗಿತು. ಪಪ್ಪಾಯಿ ಹಚ್ಚಿ ರಾತ್ರಿಯಿಡೀ ಇಟ್ಟರೆ ಹೊರಗೆ ಹಿಟ್ಟಿನಂತೆ, ಒಳಗೆ ಗಟ್ಟಿ. ಎಣ್ಣೆ ಹೆಚ್ಚು ಸುರಿದರೂ ವ್ಯತ್ಯಾಸವಿಲ್ಲ. ಈ ಮಾಂಸದಲ್ಲಿ ಕೊಬ್ಬು ಶೇ. 2ರ ಆಸುಪಾಸು ಮಾತ್ರ. 60 ಡಿಗ್ರಿ ದಾಟಿದರೆ ಎಳೆಗಳು ಕುಗ್ಗಿ ರಸ ಹಿಂಡಿಹೋಗುತ್ತದೆ, ಅದನ್ನು ಮರೆಸಲು ಕೊಬ್ಬಿಲ್ಲ.

ಸರಿಹೋದ ಕ್ರಮ: ಸುಮಾರು 3 ಸೆಂ.ಮೀ. ದಪ್ಪದ 200 ಗ್ರಾಂ ತುಂಡು. ಮೇಲಿನ ಬೆಳ್ಳನೆ ಹೊಳೆಯುವ ಪೊರೆಯನ್ನು ಚಾಕುವಿನಿಂದ ಪೂರ್ತಿ ಬಿಡಿಸಬೇಕು, ಸುರುಟಿಸುವುದು ಅದೇ. 2 ಗ್ರಾಂ ಉಪ್ಪು ಸವರಿ ಫ್ರಿಜ್‌ನಲ್ಲಿ ಮುಚ್ಚದೆ 1 ಗಂಟೆ. ಒರೆಸಿ ಒಣಗಿಸಿ, ಎಣ್ಣೆಯನ್ನು ಮಾಂಸಕ್ಕೇ ಹಚ್ಚಿ, ಹೊಗೆಯಾಡುವ ಕಬ್ಬಿಣದ ಕಾವಲಿಯಲ್ಲಿ ಒಂದೊಂದು ಬದಿ 2 ನಿಮಿಷ. ಆಮೇಲೆ ಉರಿ ತಗ್ಗಿಸಿ, ಆಗಾಗ ತಿರುವುತ್ತಾ, ನಡುವೆ ಥರ್ಮಾಮೀಟರ್ 52 ಡಿಗ್ರಿ ತೋರಿಸಿದಾಗ ಇಳಿಸಿ. ಗಡಿಯಾರವನ್ನಲ್ಲ, ಈ ಅಂಕಿಯನ್ನೇ ನಂಬಬೇಕು. ಸಡಿಲವಾಗಿ ಫಾಯಿಲ್ ಮುಚ್ಚಿ 6 ನಿಮಿಷ ಬಿಟ್ಟರೆ ತಾನಾಗಿ ಇನ್ನೆರಡು ಮೂರು ಡಿಗ್ರಿ ಏರುತ್ತದೆ. ಎಳೆಗೆ ಅಡ್ಡವಾಗಿ ತೆಳ್ಳಗೆ ಕತ್ತರಿಸಿ, ಮೆಣಸಿನ ಪುಡಿಯನ್ನು ಆಗ ಉದುರಿಸಿ. ಮೊದಲೇ ಹಾಕಿದರೆ ಸೀದು ಕಹಿಯಾಗುತ್ತದೆ.

ಗರ್ಭಿಣಿಯರಿಗೆ ಹೀಗೆ ಅರೆಬೆಂದ ಮಾಂಸ ಬೇಡ. ಟಾಕ್ಸೊಪ್ಲಾಸ್ಮಾ ಎಂಬ ಪರಾವಲಂಬಿ ಜೀವಿಯ ಸೋಂಕಿನ ಅಪಾಯವಿದೆ; ಅವರಿಗೆ ಖೀಮಾ ಮಾಡಿ ಪೂರ್ತಿ ಬೇಯಿಸಿ.